ಕದಲೋ ಸೂರು

ನಾಗಪುರ ಬಿಟ್ಟ ಮೂರನೆಯ ದಿನ ಮಧ್ಯಾಹ್ನ ನಮ್ಮ ಫಿಯೆಟ್ಟು ಶ್ರೀರಂಗಪಟ್ಟಣದ ಸೇತುವೆ ದಾಟಿತು. ಕಾರಿನ ನೆತ್ತಿಯ ಮೇಲೆ ಹಗ್ಗ ಬಿಗಿದ ಎರಡು ಟ್ರಂಕು, ಒಂದು ಹಾಸಿಗೆ ಸುರುಳಿ. ಹಿಂದಿನ ಸೀಟಿನಲ್ಲಿ ಕನ್ನಡ ಟೈಪ್‌ರೈಟರು, ಅದರ ಪಕ್ಕ ಕ್ಯಾಸೆಟ್ಟಿನ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡ ನನ್ನ ತಮ್ಮ ಮಂಜುನಾಥ. ಅವನಿಗೆ ಕಾರು ಓಡಿಸಲು ಬರುವುದಿಲ್ಲ. ಅಕ್ಕ ಒಬ್ಬಳೇ ಅಷ್ಟು ದೂರ ಬರಬಾರದು ಅಂತ ತವರಿನವರು ಅವನನ್ನು ನಾಗಪುರದ ರೈಲು ಹತ್ತಿಸಿ ಕಳಿಸಿದ್ದರು. ಆದಿಲಾಬಾದಿನಿಂದ ಈಚೆಗೆ ಎದುರಾದ ಒಂದೊಂದು ಲಾರಿಯನ್ನೂ ಅವನು ನನಗೆ ತೋರಿಸಿಕೊಂಡೇ ಬಂದಿದ್ದ, ನನಗೆ ಕಣ್ಣಿಲ್ಲವೇನೋ ಅನ್ನುವ ಹಾಗೆ.

ಅದು ತೊಂಬತ್ತೈದರ ಮೇ ತಿಂಗಳು. ಏಳು ವರ್ಷದಿಂದ ಎಳೆದಾಡುತ್ತಿದ್ದ ನನ್ನ ಪಿಎಚ್.ಡಿ. ಪ್ರಬಂಧವನ್ನು ಜೂನ್ ಮೂವತ್ತರೊಳಗೆ ಒಪ್ಪಿಸದಿದ್ದರೆ ನೋಂದಣಿಯೇ ರದ್ದು. ನನ್ನ ಯಜಮಾನರು ದೇವರಾಜು ರೈಲ್ವೆಯಲ್ಲಿದ್ದರು, ಮೈಸೂರಿನ ಕಡೆ ವರ್ಗ ಕೇಳಿದ್ದರು. ವರ್ಗ ಆದಾಗ ಆಗಲಿ, ನೀನು ಸಾಮಾನು ತಗೊಂಡು ಮೊದಲು ಊರು ಸೇರಿಕೊಂಡು ಅದನ್ನು ಮುಗಿಸು ಅಂತ ಕಾರಿನ ಬೀಗದಕೈ ಕೊಟ್ಟರು.

ಪ್ರಬಂಧ ನಮ್ಮ ಅಜ್ಜಿ ಸಿದ್ದಲಿಂಗಮ್ಮ ಹಾಡುವ ಚೆನ್ನಾಜಮ್ಮನ ಪದದ ಮೇಲೆ. ಗಂಡನ ಮನೆಯಲ್ಲಿ ನೊಂದು ಬೆಂದ ಚೆನ್ನಾಜಮ್ಮ ಹನ್ನೆರಡು ವರ್ಷವಾದ ಮೇಲೆ ತವರಿಗೆ ಗಾಡಿ ಹತ್ತುತ್ತಾಳೆ. ಅಲ್ಲಿಗೆ ಅಜ್ಜಿ ಮಂಗಳ ಹಾಡಿ ದೀಪಕ್ಕೆ ಕೈ ಮುಗಿಯುತ್ತಿದ್ದಳು. ನಮ್ಮ ಮನೆಯಲ್ಲಿ ಮುಂಜಾನೆ ಅಪ್ಪ ದೇವರ ಮುಂದೆ ಕೂತು ಪದ್ಯ ಹೇಳುವುದು, ದೀಪ ಹಚ್ಚಿದ ಮೇಲೆ ಅಜ್ಜಿ ಪದ ಹೇಳುವುದು. ಸುಮ್ಮನೆ ಕೂತು ಕೇಳುವುದು ನನ್ನ ಪಾಲು. ಎರಡು ಸಲ ಕೇಳಿದರೆ ಬಾಯಿಗೆ ಬಂದುಬಿಡುತ್ತಿತ್ತು.

ನನ್ನ ಮಾರ್ಗದರ್ಶಕರಾದ ಶಿವಲಿಂಗಯ್ಯ ಮೇಷ್ಟ್ರ ಮನೆ ಶ್ರೀರಂಗಪಟ್ಟಣದ ಕೋಟೆಯೊಳಗೆ. ರಂಗನಾಥನಿಗೆ ಕೈ ಮುಗಿದು ಅವರ ಜಗುಲಿಗೆ ಹೋದೆ. ಮುಂಚೆಯೇ ಅಂಚೆಯಲ್ಲಿ ಕಳಿಸಿದ್ದ ಹಸ್ತಪ್ರತಿಯನ್ನು ಮೇಷ್ಟ್ರು ಎದುರಿಗಿಟ್ಟುಕೊಂಡು ಕೂತಿದ್ದರು. ನಾಲ್ಕು ಅಧ್ಯಾಯ ಮೆಚ್ಚಿದರು. ಐದನೆಯದರ ಮೇಲೆ ಬೆರಳಿಟ್ಟರು.

“ಗಾಡಿ ಹತ್ತಿದಳು ಸರಿ. ತವರು ಮುಟ್ಟಿದಳೋ ಇಲ್ಲವೋ?”

ಮಂಗಳ ಹಾಡಿದ ಮೇಲೆ ಮುಟ್ಟಿದ ಹಾಗೇ ಅಲ್ಲವೇ ಸರ್ ಅಂದೆ. ಅಧ್ಯಾಯ ಪೂರ್ತಿ ನಿಂತಿದ್ದು ಆ ಒಂದು ಮಾತಿನ ಮೇಲೆ.

“ಹಾಗಂತ ನಿಮ್ಮಜ್ಜಿ ಹೇಳಿದರೇನಮ್ಮ?”

ಇಲ್ಲ. ನಾನು ಕೇಳಿಯೇ ಇರಲಿಲ್ಲ. ಏಳು ವರ್ಷದಲ್ಲಿ ಒಂದು ದಿನವೂ ಆಮೇಲೇನಾಯಿತು ಅಂತ ಕೇಳಿರಲಿಲ್ಲ. ಅಜ್ಜಿ ನಿಲ್ಲಿಸಿದ ಕಡೆ ಮುಗಿಯಿತು ಅಂದುಕೊಳ್ಳುವುದು ನನಗೆ ಭಕ್ತಿಯ ಹಾಗೆ ಅಭ್ಯಾಸವಾಗಿತ್ತು. ಕೊನೆ ತಂದರೆ ಸಹಿ ಹಾಕುತ್ತೇನೆ ಅಂದರು ಮೇಷ್ಟ್ರು. ಜೊತೆಗೆ, ಪ್ರತಿ ಹಾಡಿನ ಕೆಳಗೂ ಸಂಗ್ರಹಿಸಿದ ಸ್ಥಳ ನಮೂದಿಸಬೇಕು, ಅದೂ ಮರೆತಿದೆ ಅಂದರು.

ಪಾಂಡವಪುರ ದಾಟಿ, ನಾಲೆಯ ಪಕ್ಕ ಕಬ್ಬಿನ ಗದ್ದೆಗಳ ನಡುವೆ ನಮ್ಮೂರು ಸಿಂಧಘಟ್ಟ ಸೇರಿದೆವು. ಮಂಜುನಾಥ ಲಾರಿ ತೋರಿಸುವುದನ್ನು ಬಿಟ್ಟಿದ್ದ.

ಅಜ್ಜಿ ಬಾಗಿಲಲ್ಲೇ ಇದ್ದಳು. ಕಾಲು ತೊಳೆದು, ಮಜ್ಜಿಗೆ ಕುಡಿದು, ಗಾಡಿ ಹತ್ತಿದ ಮೇಲೆ ಚೆನ್ನಾಜಮ್ಮ ಏನಾದಳು ಅಂತ ಕೇಳಿದೆ. ಅವಳು ತಟ್ಟನೆ ನನ್ನ ಬಾಯಿಗೆ ಕೈ ಅಡ್ಡ ಹಿಡಿದಳು.

“ಸೂರಿನ ಕೆಳಗೆ ಅದನ್ನ ಎತ್ತಬ್ಯಾಡ ಮಗ. ಎಲ್ಲಿ ಹಾಡ್ತೀವೋ ಅಲ್ಲೇ ಉಳ್ಕತದೆ ಅದು. ಆ ಮನೆ ಹೆಣ್ಮಗು ತವರು ಸೇರಕಿಲ್ಲ.”

ಹಾಗಾದರೆ ಹೊಲಕ್ಕೆ ಹೋಗೋಣ ಅಂದ ಮಂಜುನಾಥ. ಆ ಹೊಲದಲ್ಲಿ ಬೆಳೆದದ್ದನ್ನು ತಿನ್ನುವವರು ಯಾವ ಸೂರಿನ ಕೆಳಗಿದ್ದಾರೆ ಅಂತ ಅಜ್ಜಿ ಕೇಳಿದಳು. ನಿನಗೆ ಯಾರು ಹೇಳಿಕೊಟ್ಟರು, ಎಲ್ಲಿ ಹೇಳಿಕೊಟ್ಟರು ಅಂತ ನಾನು ಕೇಳಿದೆ. ಅವಳಜ್ಜಿ ಹೇಳಿಕೊಟ್ಟದ್ದಂತೆ, ತವರಿಗೆ ಹೋಗುವ ಎತ್ತಿನ ಗಾಡಿಯಲ್ಲಿ, ಗಾಡಿ ನಡೆಯುತ್ತಿರುವಾಗ. ಒಬ್ಬಳಿಗೆ ಒಂದೇ ಸಲ. ಆಮೇಲೆ ಗಾಡಿಗಳು ಹೋದವು, ಬಸ್ಸು ಬಂತು. ಹತ್ತು ಮನೆ ಹೆಣ್ಣುಮಕ್ಕಳು ಕೂತಿರುವ ಬಸ್ಸಿನಲ್ಲಿ ಹಾಡುವುದುಂಟೆ? ಹೀಗಾಗಿ ನಮ್ಮತ್ತೆಯರಿಗೂ ಅದು ದಾಟಲಿಲ್ಲ.

ಅಜ್ಜಿಯ ತವರು ನಾಗಮಂಗಲದ ಆಚೆ. ಅವಳ ತಂಗಿ ಚಿಕ್ಕಬೋರಮ್ಮ ಈಗಲೂ ಅಲ್ಲೇ ಇದ್ದಾಳೆ. ನಾಳೆ ಕಾರಿನಲ್ಲಿ ಕರೆದುಕೊಂಡು ಹೋಗುತ್ತೇನೆ, ದಾರಿಯಲ್ಲಿ ಹಾಡು ಅಂದೆ.

“ಕಾರಿಗೂ ಸೂರು ಐತಲ್ಲಜ್ಜಿ,” ಅಂದ ಮಂಜುನಾಥ.

“ಕದಲೋ ಸೂರು ಸೂರಲ್ಲ ಕಣ್ಲಾ. ಒಂದ್ಕಡೆ ಕುಂತ್ರೆ ತಾನೆ ಅದು ಮನೆ ಆಗೋದು?” ಆಮೇಲೆ ನನ್ನ ಕಡೆ ತಿರುಗಿ, “ನಿಂತ್ರೆ ನಾನು ಬಾಯ್ ಮುಚ್ಕತೀನಿ. ನೆಪ್ಪಿರ್ಲಿ,” ಅಂದಳು.

ಬೆಳಗ್ಗೆ ದೇವರಿಗೆ ದೀಪ ಹಚ್ಚಿ ಹೊರಟೆವು. ಅಜ್ಜಿ ಮುಂದಿನ ಸೀಟಿನಲ್ಲಿ ಕಾಲು ಮಡಚಿ ಕೂತಳು. ಮಂಜುನಾಥ ಹಿಂದಿನಿಂದ ಟೇಪ್‌ರೆಕಾರ್ಡರನ್ನು ಅವಳ ಗಲ್ಲದ ಹತ್ತಿರ ಹಿಡಿದ. ಕೆ.ಆರ್.ಪೇಟೆಯ ಕೊನೆಯ ಮನೆ ಹಿಂದೆ ಬಿದ್ದ ಮೇಲೆ ಅವಳು ಸೆರಗು ತಲೆಗೆ ಎಳೆದುಕೊಂಡು ಶುರು ಮಾಡಿದಳು:

ಹೊಡೆಯಣ್ಣ ಹೊಡೆ ಗಾಡಿ ಹೊತ್ತು ಮುಳುಗೋ ಮುಂಚೆ
ತಡಿಕೆ ಬಾಗಿಲಲಿ ಅವ್ವ ನಿಂತವಳೆ
ನಡುದಾರೀಲಿ ನನ್ನ ಇಳಿಸಬ್ಯಾಡ

ದನಿ ಸಣ್ಣದು, ಇಂಜಿನ್ನಿನ ಸದ್ದು ದೊಡ್ಡದು. ನಾನು ಎರಡನೇ ಗೇರಿನಲ್ಲಿ, ಎತ್ತಿನ ಗಾಡಿಗಿಂತ ಚೂರು ಮುಂದೆ ಅನ್ನುವಷ್ಟು ನಿಧಾನ ಹೋದೆ. ಹಿಂದಿನಿಂದ ಬಂದವರೆಲ್ಲ ಹಾರನ್ ಹೊಡೆದು, ಬೈದು, ಮುಂದೆ ಹೋದರು. ಊರು ಬಂದರೆ ಅಜ್ಜಿ ಸುಮ್ಮನಾಗುವಳು. ಊರು ಕಳೆದರೆ ಬಿಟ್ಟಲ್ಲಿಂದ ಎತ್ತಿಕೊಳ್ಳುವಳು. ಚೆನ್ನಾಜಮ್ಮನಿಗೆ ದಾರಿಯಲ್ಲಿ ಜ್ವರ ಏರಿತು. ಗಾಡಿ ಹೊಡೆಯುವವನು ನೀರು ತರುತ್ತೇನೆ, ನಿಲ್ಲಿಸಲೇ ಅಂತ ಕೇಳಿದ. ಆಗ ಕುರಿಮಂದೆಯೊಂದು ರಸ್ತೆಗೆ ಇಳಿಯಿತು. ನಾನು ಬ್ರೇಕು ಒತ್ತಿದೆ. ಅಜ್ಜಿ ಅರ್ಧ ಸಾಲಿಗೆ ಬಾಯಿ ಮುಚ್ಚಿದಳು. ಕುರಿಗಳು ಒಂದೊಂದಾಗಿ ದಾಟಿದವು. ಮೊದಲ ಗೇರು ಹಾಕಿ, ಕ್ಲಚ್ಚು ಬಿಟ್ಟು, ಕಾರು ಕದಲಿದ ಮೇಲೆ ಅವಳು ಮುಂದಿನದನ್ನು ಹಾಡಿದಳು. ನಾಗಮಂಗಲ ಕಾಣುವ ಹೊತ್ತಿಗೆ ಪದ ಮುಗಿದಿತ್ತು. ನನ್ನ ಕಣ್ಣು ರಸ್ತೆಯ ಮೇಲಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ಚಿಕ್ಕಬೋರಮ್ಮನ ಮನೆಯಲ್ಲಿ ಅಕ್ಕತಂಗಿಯರು ಒಬ್ಬರ ಕೈ ಒಬ್ಬರು ಹಿಡಿದು ಕೂತರು. ಏನಿದು ಇದ್ದಕ್ಕಿದ್ದಂಗೆ ಮದುವಣಗಿತ್ತಿ ಥರ ಕಾರಲ್ಲಿ ಬಂದ್ಬುಟ್ಟೆ ಅಂತ ತಂಗಿ ಅಕ್ಕನನ್ನು ರೇಗಿಸಿದಳು. ನಾನು ಮಂಜುನಾಥನನ್ನು ದೂರ ಹುಣಸೆಮರದ ಹತ್ತಿರ ಕರೆದುಕೊಂಡು ಹೋಗಿ, ಟೇಪ್‌ರೆಕಾರ್ಡರನ್ನು ಕಿವಿಗೆ ಒತ್ತಿ, ಹೊರಗೆ ಕೇಳದಷ್ಟು ಸಣ್ಣಗೆ ಹಾಕಿದೆ. ಇಂಜಿನ್ನು, ಗಾಳಿ, ಹಾರನ್ನು, ಕುರಿಯ ಕೂಗು. ಅಜ್ಜಿಯ ದನಿ ಎಲ್ಲೋ ಒಂದೆರಡು ಕಡೆ ಎದ್ದು ಮುಳುಗಿತು.

“ಮುಗೀತು ಬುಡಕ್ಕ,” ಅಂದ ತಮ್ಮ, ಬೇಜಾರಿನಿಂದ.

ಮುಗಿದಿರಲಿಲ್ಲ. ನಾನು ಕೇಳಿದ್ದೆನಲ್ಲ. ಒಂದೇ ಸಲ, ನಿಜ. ಆದರೆ ಸಂಜೆ ಮತ್ತೆ ಅದೇ ದಾರಿಯಲ್ಲಿ ವಾಪಸು ಹೋಗಬೇಕಿತ್ತು. ನಾನು ಹಾಡುತ್ತೇನೆ, ತಪ್ಪಿದರೆ ತಿದ್ದುತ್ತೀಯಾ ಅಂತ ಅಜ್ಜಿಯನ್ನು ಕೇಳಿದೆ. ತಪ್ಪಿದರೆ ಹೇಳುತ್ತೇನೆ, ಮರೆತರೆ ಹೇಳಿಕೊಡುವುದಿಲ್ಲ ಅಂದಳು. ಎರಡನೆಯ ಸಲ ಅವಳು ಹಾಡುವಂತಿಲ್ಲ. ಮಂಜುನಾಥ ಬರೆದುಕೊಳ್ಳಬಹುದೇ ಅಂತ ನಾನು ಕೇಳಿದ್ದಕ್ಕೆ ನಕ್ಕಳು.

“ಬರ್ಕಳ್ಲಿ. ಕಾಗದ ಏನು ಬಾಯ್ ಬುಟ್ಟು ಹಾಡ್ತದಾ?”

ನಾಗಮಂಗಲ ಹಿಂದಾಯಿತು. ನಾನು ಎತ್ತಿದೆ. ಸರಿಯಿದ್ದರೆ ಅಜ್ಜಿ ಊಂ ಅನ್ನುವಳು. ತಪ್ಪಿದರೆ ಡ್ಯಾಶ್‌ಬೋರ್ಡಿಗೆ ಬಡಿಯುವಳು. ನಾನು ಅದೇ ಸಾಲನ್ನು ತಿರುಗಿ ಮುರುಗಿ ಹೇಳುವೆ, ಊಂ ಅನ್ನುವ ತನಕ. ಹಿಂದೆ ಮಂಜುನಾಥ ಟೈಪ್‌ರೈಟರಿನ ಮುಚ್ಚಳದ ಮೇಲೆ ನೋಟ್‌ಬುಕ್ಕು ಇಟ್ಟುಕೊಂಡು ಕುಲುಕಾಟದಲ್ಲೇ ಗೀಚುತ್ತಿದ್ದ. ಕೆ.ಆರ್.ಪೇಟೆ ಮುಟ್ಟುವಾಗ ಮೂವತ್ತೊಂಬತ್ತು ಪದ್ಯವಾಗಿದ್ದವು. ಇನ್ನೆರಡು ಬಾಕಿ. ಪೇಟೆ ದಾಟಿ ಮತ್ತೆ ಬಾಯಿ ತೆರೆದರೆ ನಲವತ್ತನೆಯದು ಬರಲಿಲ್ಲ. ಕುರಿಮಂದೆ ದಾಟಿದ ಮೇಲೆ ಬಂದದ್ದು ಅದೇ. ಆಗ ನನ್ನ ಗಮನ ಕ್ಲಚ್ಚಿನ ಮೇಲಿದ್ದ ಕಾಲಿನ ಮೇಲಿತ್ತು.

ಮೈಲಿ ಮೇಲೆ ಮೈಲಿ ಹೋಯಿತು. ಅಜ್ಜಿ ಕಿಟಕಿಯ ಆಚೆ ನೋಡುತ್ತಾ ಕೂತಿದ್ದಳು. ನಮ್ಮೂರಿನ ತಿರುವು ಕಾಣಿಸಿತು. ಊರೊಳಗೆ ಹೋದರೆ ಬಾಯಿ ಮುಚ್ಚಬೇಕು. ನಾಳೆಗೆ ಇದ್ದಬದ್ದದ್ದೂ ಹಾರಿಹೋದರೆ? ನಾನು ಸ್ಟೇರಿಂಗ್ ತಿರುಗಿಸಲಿಲ್ಲ.

“ಅಕ್ಕ, ಊರು ಹೋಯ್ತು.”

“ಹೋಗ್ಲಿ ಬುಡ್ಲಾ,” ಅಂದಳು ಅಜ್ಜಿ.

ಪಾಂಡವಪುರದ ದಿಕ್ಕಿಗೆ ಹೋಗುತ್ತಲೇ ಇದ್ದೆ. ಮಾತನ್ನು ಹುಡುಕುವುದು ಬಿಟ್ಟು, ರಂಗನಾಥನನ್ನು ನೆನೆದು, ಬೆಳಗ್ಗೆ ಕೈಕಾಲು ಮಾಡಿದ್ದನ್ನೇ ಮತ್ತೆ ಮಾಡಿದೆ. ನಿಲ್ಲುವ ಹಾಗೆ, ಆದರೆ ನಿಲ್ಲದೆ, ವೇಗ ಇಳಿಸಿದೆ. ಮೊದಲ ಗೇರು ಹಾಕಿದೆ. ಎಡಗಾಲನ್ನು ಮೆಲ್ಲಗೆ ಎತ್ತಿದೆ. ಕಾರು ಒಮ್ಮೆ ನಡುಗಿ ಮುಂದಕ್ಕೆ ಜರುಗಿತು. ಆ ನಡುಕದ ಬೆನ್ನಿಗೇ ಬಂತು:

ಗಾಡಿ ಹೊಡೆಯೋ ಅಣ್ಣ ನಿಲಿಸಬ್ಯಾಡ ನೀನು
ಬಾಡಿದರೇನು ಮುಡಿದ ಹೂವು, ಅವ್ವಗೆ
ಬಂದಳು ಮಗಳೆಂದು ಹೇಳು ಹೋಗು

ಅಜ್ಜಿ ಬಡಿಯಲೂ ಇಲ್ಲ, ಊಂ ಅನ್ನಲೂ ಇಲ್ಲ. ತಲೆಯ ಮೇಲಿನ ಸೆರಗನ್ನು ಇಳಿಸಿದಳು. ಕೊನೆಯ ಪದ್ಯ ತಾನಾಗಿ ಬಂತು. ಕಾರು ತಿರುಗಿಸಿಕೊಂಡು ಊರಿಗೆ ಬಂದಾಗ ಮನೆಯಲ್ಲಿ ದೀಪ ಹಚ್ಚುತ್ತಿದ್ದರು.

ಐದನೆಯ ಅಧ್ಯಾಯವನ್ನು ಮೊದಲಿಂದ ಬರೆದೆ. ಮುಟ್ಟಿದಳೋ ಇಲ್ಲವೋ ಅಂತ ಮೇಷ್ಟ್ರು ಕೇಳಿದಾಗ, ಅವಳು ಮುಟ್ಟಲಿಲ್ಲ ಸರ್, ಗಾಡಿ ಮುಟ್ಟಿತು ಅಂದೆ. ಜೂನ್ ಇಪ್ಪತ್ತಾರಕ್ಕೆ ಸಹಿ ಹಾಕಿದರು. ಆ ನಲವತ್ತೊಂದು ಪದ್ಯಗಳನ್ನು ನಾನು ಸಿಂಧಘಟ್ಟದ ಮನೆಯ ನಡುಮನೆಯಲ್ಲಿ, ಸೂರಿನ ಕೆಳಗೆ ಕೂತೇ ಟೈಪ್ ಮಾಡಿದ್ದು. ತುಟಿ ಅಲುಗದ ಹಾಗೆ ಸೆರಗಿನ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡಿದ್ದೆ. ಸಂಗ್ರಹಿಸಿದ ಸ್ಥಳ ಅನ್ನುವ ಕಡೆ, ಕೆ.ಆರ್.ಪೇಟೆ–ನಾಗಮಂಗಲ ರಸ್ತೆ, ಎಲ್ಲೂ ನಿಲ್ಲದೆ, ಅಂತ ಹೊಡೆದೆ.