ಪರದೆ ಇಳಿಸದ ಮನೆ

ಮೂರನೆಯ ಸಲ ಬಡಿದ ಮೇಲೆ ಸೂಸನ್ ಹೋಲ್ರಾಯ್ಡ್ ಬಾಗಿಲು ತೆಗೆದಳು. ಎರಡೂ ಕೈಗೆ ಹಿಟ್ಟು ಮೆತ್ತಿತ್ತು. ಮೆಟ್ಟಿಲ ಮೇಲೆ ಎದುರುಮನೆಯ ಲವಿನಿಯಾ ಮಿಜ್ಲಿ. ತಲೆಗೆ ಯಾರದೋ ಕರಿ ಟೋಪಿ, ಕೈಗೆ ಯಾರದೋ ಕರಿ ಗವಸು.

"ಸೂಸನ್, ನಿಮ್ಮನೆ ಕಿಟಕಿ ಪರದೆ ಇನ್ನೂ ಮೇಲೇ ಇದೆಯಲ್ಲೇ."

"ಗೊತ್ತು ಕಣೇ. ನಾನೇ ಎತ್ತಿದ್ದು."

"ಎರಡು ಗಂಟೆಗೆ ಹೆಣ ಎತ್ತುತ್ತಾರೆ."

"ಎತ್ತಲಿ. ನಂಗೆ ಹಿಟ್ಟು ಕಲಸೋಕೆ ಬೆಳಕು ಬೇಕು."

ಬ್ರ್ಯಾಡ್‌ಫರ್ಡಿನ ಆ ಬೀದಿಯಲ್ಲಿ ಯಾರೇ ಸತ್ತರೂ ಹೆಣ ಮೂಲೆ ದಾಟುವ ತನಕ ಎಲ್ಲ ಮನೆಯವರೂ ಪರದೆ ಇಳಿಸುತ್ತಿದ್ದರು. ಕುಡಿದು ಕಾಲುವೆಗೆ ಬಿದ್ದವನಿಗೆ ಇಳಿಸಿದ್ದರು. ಹೆಂಡತಿಯ ಹಲ್ಲು ಉದುರಿಸಿದವನಿಗೂ ಇಳಿಸಿದ್ದರು. ಕಲ್ಲಿದ್ದಲು ಮಾರುವವನ ಕುದುರೆ ಸತ್ತಾಗ ಕೂಡ ಎರಡು ಮನೆಯವರು ಇಳಿಸಿದ್ದರಂತೆ. ಲವಿನಿಯಾಳ ಗಂಡ ಆಮೋಸ್ ಮಿಜ್ಲಿಗೆ ಮಾತ್ರ, ಅವನದೇ ಮನೆ ಬಿಟ್ಟರೆ, ಉಳಿದ ಇಪ್ಪತ್ತೆರಡು ಮನೆಗಳಲ್ಲಿ ಒಂದರಲ್ಲೂ ಇಳಿಸಿರಲಿಲ್ಲ.

ಆಮೋಸ್ ಉಣ್ಣೆ ಗಿರಣಿಯ ಗೇಟು ಕಾಯುತ್ತಿದ್ದವನು. ಇಪ್ಪತ್ತೇಳು ವರ್ಷ ಬೆಳಿಗ್ಗೆ ಆರಕ್ಕೆ ಸರಿಯಾಗಿ ಗೇಟು ಮುಚ್ಚಿದ. ಬೇರೆ ಏನು ಮಾಡಿದ ಎಂದು ಕೇಳಿದರೆ ಅವನ ಹೆಂಡತಿಯೂ ಸ್ವಲ್ಪ ಯೋಚಿಸಬೇಕಿತ್ತು. ಒಂದು ಹೆಜ್ಜೆ ತಡವಾದರೂ ಎಂಟೂವರೆಯ ತಿಂಡಿ ಬಿಡುವಿನ ತನಕ ಹೊರಗೆ, ಅಷ್ಟು ಹೊತ್ತಿನ ಕೂಲಿಯೂ ಇಲ್ಲ. ಬೀದಿಯಲ್ಲಿ ಒಂದಲ್ಲ ಒಂದು ದಿನ ಹಾಗೆ ನಿಲ್ಲದವರೇ ಇರಲಿಲ್ಲ.

"ಅವನು ಕಟುಕ ಅಂತ ನಾನು ಹೇಳಲ್ಲ," ಎಂದಳು ಸೂಸನ್. "ಕಟುಕನಿಗೆ ಒಂದು ಗತ್ತಾದ್ರೂ ಇರುತ್ತೆ. ಇವನು ಬರೀ ಚಿಲಕ. ಚಿಲಕ ಸತ್ತರೆ ಯಾರಾದ್ರೂ ಪರದೆ ಇಳಿಸ್ತಾರಾ?"

ಪಕ್ಕದ ಮನೆಯ ನೆಲ್ಲಿ ಮೆಟ್ಟಿಲು ಉಜ್ಜುವುದನ್ನು ನಿಲ್ಲಿಸಿ ಕತ್ತೆತ್ತಿದಳು. "ಪೆಟ್ಟಿಗೆ ಒಳಗೆ ಗಡಿಯಾರ ಇಟ್ಟಿದ್ದೀಯೇನೇ ಲವಿನಿಯಾ? ಸ್ವರ್ಗದ ಬಾಗಿಲಲ್ಲಿ ಅವನಿಗೆ ಕೆಲಸ ಸಿಗಬಹುದು."

"ಸ್ವರ್ಗದ್ದೇ ಅಂತ ಯಾಕಂದುಕೊಂಡೆ?" ಎಂದಿತು ಅದರಾಚೆ ಮನೆಯ ದನಿ. ಆ ಹೆಂಗಸರಿಗೆ ಇಷ್ಟು ಖುಷಿಯ ಶನಿವಾರ ಬಂದು ಬಹಳ ದಿನವಾಗಿತ್ತು.

ಲವಿನಿಯಾ ದನಿ ತಗ್ಗಿಸಿದಳು. "ಅವನಿಗೆ ಬೇಡ ಸೂಸನ್. ನಂಗೋಸ್ಕರ. ನಾಳೆಯಿಂದ ಇದೇ ಬೀದೀಲಿ ನಾನು ತಲೆ ಎತ್ಕೊಂಡು ನೀರಿಗೆ ಹೋಗ್ಬೇಕು. ನೀನು ಇಳಿಸಿದ್ರೆ ಎಲ್ಲರೂ ಇಳಿಸ್ತಾರೆ."

ಅದು ನಿಜವಾಗಿತ್ತು. ಬೀದಿಯ ಹೆರಿಗೆಗೂ ಹೆಣ ತೊಳೆಯುವುದಕ್ಕೂ ಸೂಸನ್ನೇ ಬೇಕು. ಅವಳು ಹೂಂ ಅಂದರೆ ಬೀದಿ ಹೂಂ.

"ನಿನ್ನ ಮಗಳು ಬಂದು ಕೇಳಲಿ," ಎಂದಳು ಸೂಸನ್. "ಎಡಾ ಬಾಯಲ್ಲಿ ಕೇಳಿದ್ರೆ ಇಳಿಸ್ತೀನಿ."

*

ಮೂರು ವರ್ಷದ ಹಿಂದೆ, ಜನವರಿ. ಲವಿನಿಯಾಗೆ ಮೈ ಸುಡುವ ಜ್ವರ. ಎಡಾ ರಾತ್ರಿಯಿಡೀ ಒದ್ದೆ ಬಟ್ಟೆ ಹಾಕುತ್ತ ಕೂತು, ಬೆಳಿಗ್ಗೆ ಗಿರಣಿಗೆ ಓಡಿದಳು. ಗೇಟಿಗೆ ಹತ್ತು ಹೆಜ್ಜೆ ಇದ್ದಾಗ ಸೈರನ್ ನಿಂತಿತು. ಆಮೋಸ್ ಮಗಳನ್ನು ನೋಡಿದ. ಗಡಿಯಾರ ನೋಡಿದ. ಮುಚ್ಚಿದ.

"ಅಪ್ಪಾ, ನಾನು."

"ಇಲ್ಲಿ ಅಪ್ಪ ಯಾರೂ ಇಲ್ಲ. ಎಂಟೂವರೆಗೆ ಬಾ."

ಎಡಾ ಹಿಮ ಬೆರೆತ ಮಳೆಯಲ್ಲಿ ಎರಡೂವರೆ ತಾಸು ನಿಂತಳು. ಮ್ಯಾನೇಜರು ಅದನ್ನು ಕಂಡು ಆಮೋಸನ ಬೆನ್ನು ತಟ್ಟಿ, "ಭೇಷ್, ಥಾಮಸ್," ಎಂದರು. ಆಮೋಸ್ ಹೆಸರು ತಿದ್ದಲಿಲ್ಲ. ಸಂಜೆ ಊಟಕ್ಕೆ ಕೂತು ಈ ಸಂಗತಿಯನ್ನು ಎರಡು ಸಲ ಹೇಳಿದ, ಎರಡು ಸಲವೂ ಥಾಮಸ್ ಎಂದೇ ಹೇಳಿದ. ಜ್ವರದಲ್ಲೇ ಎದ್ದು ಬಂದಿದ್ದ ಲವಿನಿಯಾ ಮಗಳ ಊದಿದ ಬೆರಳು ನೋಡಿದಳು. ಆಮೇಲೆ ಗಂಡನನ್ನು ಕೇಳಿದಳು:

"ಇನ್ನೊಂದು ಚೂರು ಬ್ರೆಡ್ ಹಾಕ್ಲಾ?"

*

ಎಡಾ ಅಡುಗೆಮನೆಯಲ್ಲಿ, ಮಣ್ಣು ಮುಗಿಸಿ ಊಟಕ್ಕೆ ಬರುವವರಿಗೆಂದು ಹಂದಿ ಮಾಂಸ ಹೆಚ್ಚುತ್ತಿದ್ದಳು. ಬರುವವರು ಯಾರೂ ಇರಲಿಲ್ಲ. ಆದರೂ ತೆಳ್ಳಗೆ ಹೆಚ್ಚುತ್ತಿದ್ದಳು.

"ಸೂಸನ್ ನಿನ್ನ ಬಾಯಿಂದ ಕೇಳಬೇಕಂತೆ," ಎಂದಳು ಲವಿನಿಯಾ.

"ಕೇಳಿಸ್ತು. ಬೀದಿಗೆಲ್ಲ ಕೇಳಿಸ್ತು."

"ಎಡಾ, ಅವರು ನನ್ನ ಮುಖ ನೋಡಿ ನಗ್ತಾರೆ ಕಣಮ್ಮ."

"ನಗಲಿ. ನಾನು ಗೇಟಲ್ಲಿ ನಿಂತಾಗ ನೀನು ನಗಲಿಲ್ಲ. ಅಳಲೂ ಇಲ್ಲ."

ಲವಿನಿಯಾ ಕೈಗವಸಿನ ಬೆರಳುಗಳನ್ನು ಒಂದೊಂದಾಗಿ ಎಳೆದು ಸರಿಮಾಡಿಕೊಂಡಳು. ಅದು ಅವಳ ಕೈಗೆ ದೊಡ್ಡದು. ಎಡಾ ಅದನ್ನೇ ನೋಡುತ್ತಿದ್ದು, ಚಾಕು ಇಟ್ಟು, ಕೈ ಒರೆಸಿಕೊಂಡು ಹೊರಗೆ ಹೋದಳು. ಬೀದಿ ದಾಟಿ ಸೂಸನ್ನಳ ಮುಂದೆ ನಿಂತಳು.

"ಅಮ್ಮ ಕೇಳ್ತಿದ್ದಾಳೆ. ಇಳಿಸಿಬಿಡು ಅತ್ತೆ."

"ನೀನು ಕೇಳ್ತಿದ್ದೀಯೇನೇ ಹುಡುಗಿ?"

"ಅಮ್ಮ ಕೇಳ್ತಿದ್ದಾಳೆ ಅಂತ ನಾನು ಕೇಳ್ತಿದ್ದೀನಿ. ಅಷ್ಟು ಸಾಕು."

ಸೂಸನ್ ಅವಳನ್ನು ಒಂದು ಗಳಿಗೆ ನೋಡಿ ಒಳಗೆ ಹೋದಳು. ಪರದೆ ಇಳಿಯಿತು. ನೆಲ್ಲಿ ಬಕೆಟ್ಟು ಎತ್ತಿಕೊಂಡು ಗೊಣಗುತ್ತಲೇ ಒಳಹೋದಳು. ಅವಳ ಕಿಟಕಿಯೂ ಮುಚ್ಚಿತು. ಆಮೇಲೆ ಒಂದರ ಹಿಂದೊಂದು, ಬೀದಿಯ ಕೊನೆಯ ತನಕ.

ಎರಡು ಗಂಟೆಗೆ ಪೆಟ್ಟಿಗೆ ಎತ್ತಿದರು, ನಾಲ್ವರೂ ಬಾಡಿಗೆಯವರು. ಬೀದಿಯ ಗಂಡಸರೆಲ್ಲ ಫುಟ್‌ಬಾಲ್ ನೋಡಲು ಹೋಗಿದ್ದರು. ಊಟ ಅಣಿಮಾಡಲು ಎಡಾ ಮನೆಯಲ್ಲೇ ಉಳಿದಳು. ಹೆಣದ ಬಂಡಿಯ ಹಿಂದಿನ ಬಂಡಿಯಲ್ಲಿ ಲವಿನಿಯಾ ಒಬ್ಬಳೇ ಕೂತು, ಎರಡೂ ಬದಿಯ ಮುಚ್ಚಿದ ಕಿಟಕಿಗಳನ್ನು ಎಣಿಸಿದಳು. ಇಪ್ಪತ್ತೆರಡು. ಬೆನ್ನು ತಾನಾಗಿ ನೆಟ್ಟಗಾಯಿತು.

ಮೂಲೆಯಲ್ಲಿ ಬಂಡಿ ತಿರುಗುವಾಗ ಅವಳು ಒಮ್ಮೆ ಹಿಂತಿರುಗಿ ನೋಡಿದಳು. ಇಡೀ ಬೀದಿಯಲ್ಲಿ ಒಂದೇ ಪರದೆ ಮೇಲಕ್ಕೆ ಏರುತ್ತಿತ್ತು, ಅವಳದೇ ಮನೆಯದು. ಅದನ್ನು ಕಾಣಲು ಬೀದಿಯಲ್ಲಿ ತೆರೆದ ಕಿಟಕಿ ಬೇರೊಂದಿರಲಿಲ್ಲ. ಗಾಜಿನ ಹಿಂದೆ ಎಡಾ ಬೆಳಕಿಗೆ ಕುರ್ಚಿ ಎಳೆದುಕೊಂಡು ಕೂತಳು, ಜಡೆ ಬಿಚ್ಚಿದಳು, ಸಾವಕಾಶವಾಗಿ ಕೂದಲು ಬಾಚತೊಡಗಿದಳು.