ಎತ್ತಿಕೊಂಡ ಫೋಟೋ

ನಾದಿನಿಯ ಮನೆಯಿಂದ ಬಂದ ಮಗಳು ಚಪ್ಪಲಿ ಬಿಚ್ಚುವ ಮೊದಲೇ ಕೇಳಿದಳು, ಅಪ್ಪ ತನ್ನನ್ನು ಎತ್ತಿಕೊಂಡ ಫೋಟೋ ಎಲ್ಲಿದೆ ಎಂದು. ನಾನು ಒಣಗಿದ ಬಟ್ಟೆ ಮಡಚುತ್ತಿದ್ದೆ. ಎಲ್ಲೋ ಇರಬೇಕು, ಹುಡುಕೋಣ ಎಂದೆ. ಅವಳು ಕದಲಲಿಲ್ಲ. ಅವಳ ಅತ್ತೆಯ ಮಗಳು, ಇವಳಿಗಿಂತ ಮೂರು ವರ್ಷಕ್ಕೆ ದೊಡ್ಡವಳು, ಆಲ್ಬಮ್ ತೆಗೆದು ತೋರಿಸಿದ್ದಳಂತೆ. ಅದರಲ್ಲಿ ನನ್ನ ಗಂಡ ಆ ಹುಡುಗಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ನಗುತ್ತಿದ್ದಾರೆ.

"ನಿಮ್ಮಪ್ಪ ನನ್ನ ಎತ್ಕೊಂಡಿದಾರೆ, ನಿಂದೆಲ್ಲಿ ತೋರ್ಸು ಅಂದ್ಲು. ಫೋಟೋ ಇಲ್ಲ ಅಂದ್ರೆ ಎತ್ಕೊಂಡೇ ಇಲ್ಲ ಅಂತೆ."

ಅವರು ತೀರಿಹೋದಾಗ ಇವಳಿಗೆ ಒಂದೂವರೆ ವರ್ಷ. ಈಗ ಎಂಟು. ಎತ್ತಿಕೊಂಡರೆ ಕೆಳಗೇ ಬಿಡುತ್ತಿರಲಿಲ್ಲ, ನಾನೇ ಕಿತ್ತುಕೊಳ್ಳಬೇಕಿತ್ತು ಎಂದು ಹೇಳಿದೆ. ಯಾರದೋ ಮನೆಯ ಕಥೆ ಎನ್ನುವ ಹಾಗೆ ತಲೆಯಾಡಿಸಿ ಕೇಳಿಸಿಕೊಂಡಳು. ನನ್ನ ಮಾತನ್ನು ಅವಳು ಅಲ್ಲಿಗೆ ತೆಗೆದುಕೊಂಡು ಹೋಗಿ ತೋರಿಸುವ ಹಾಗಿರಲಿಲ್ಲ.

ಫೋಟೋಗಳೆಲ್ಲ ಹಳೆಯ ಕಂಪ್ಯೂಟರಿನಲ್ಲಿದ್ದವು. ಕ್ಯಾಮೆರಾ ಅವರದು, ಅದರಿಂದ ಕಂಪ್ಯೂಟರಿಗೆ ಹಾಕುವುದೂ ಅವರೇ. ಪ್ರಿಂಟ್ ಹಾಕಿಸೋಣ ಎಂದರೆ, ಎಲ್ಲಿಗೆ ಓಡಿ ಹೋಗುತ್ತವೆ, ಇಲ್ಲೇ ಇರುತ್ತವಲ್ಲ ಎನ್ನುತ್ತಿದ್ದರು. ಅವರು ಹೋದ ಮೇಲೆ ಆ ಕಂಪ್ಯೂಟರನ್ನು ನೋಡಲಾರದೆ ಬೆಡ್‌ಶೀಟ್ ಸುತ್ತಿ ಅಟ್ಟದ ಮೇಲೆ ಇಟ್ಟವಳು ನಾನು.

ಮರುದಿನ ಅವಳು ಶಾಲೆಗೆ ಹೋದ ಮೇಲೆ ಇಳಿಸಿದೆ. ಧೂಳು ಒರೆಸಿ, ಯಾವ ವೈರು ಯಾವುದಕ್ಕೆಂದು ತಡಕಾಡಿ ಸಿಕ್ಕಿಸಿದೆ. ಪರದೆ ಬೆಳಗಿತು. 'ಮನೆ' ಎಂಬ ಫೋಲ್ಡರ್ ಕಣ್ಣಿಗೆ ಬಿತ್ತು. ಅದನ್ನು ತೆರೆಯಲು ಹೋದರೆ ಎಲ್ಲ ಸ್ತಬ್ಧ. ಪೆಟ್ಟಿಗೆಯ ಒಳಗಿನಿಂದ ಯಾರೋ ಉಗುರಿನಲ್ಲಿ ಕುಟ್ಟುವಂಥ ಸದ್ದು. ಆರಿಸಿ ಮತ್ತೆ ಹಾಕಿದೆ. ಪಾತ್ರೆ ತೊಳೆದು ಬಂದು ಹಾಕಿದೆ, ನೆಲ ಒರೆಸಿ ಬಂದು ಹಾಕಿದೆ. ಹೀಗೆ ನಾಲ್ಕು ದಿನ. ಪ್ರತಿ ಸಲವೂ ಫೋಲ್ಡರಿನ ಹೆಸರು ಕಾಣುತ್ತಿತ್ತು, ಅದೇ ಆಸೆ ಹುಟ್ಟಿಸುತ್ತಿತ್ತು. ಐದನೆಯ ದಿನ ಅದೂ ಕಾಣಲಿಲ್ಲ.

ಕಂಪ್ಯೂಟರ್ ರಿಪೇರಿಯವರ ಅಂಗಡಿ ಹೊಲಿಗೆ ಅಂಗಡಿಯ ಮಹಡಿಯ ಮೇಲಿತ್ತು. ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡ, ನನಗಿಂತ ಹಿರಿಯ ಮನುಷ್ಯ. ಪೆಟ್ಟಿಗೆ ಬಿಚ್ಚಿ ಹಾರ್ಡ್ ಡಿಸ್ಕ್ ಹೊರತೆಗೆದು, ಅಂಗೈಯಲ್ಲಿಟ್ಟುಕೊಂಡು ಒಮ್ಮೆ ಮಾತ್ರ ಕರೆಂಟು ಕೊಟ್ಟು ಕಿವಿಯಿಟ್ಟರು. ಎಷ್ಟು ಸಲ ಹಾಕಿ ಆರಿಸಿದಿರಿ ಎಂದು ಕೇಳಿದರು. ನಲವತ್ತು ಸಲ ಆಗಿರಬಹುದು ಎಂದೆ. ಬೈಯಲಿಲ್ಲ.

"ಜ್ವರ ಬಂದು ಮಲಗಿರೋರನ್ನ ಎಬ್ಬಿಸಿ ಎಬ್ಬಿಸಿ ಹೇಗಿದೀರಿ ಅಂತ ವಿಚಾರಿಸಿದ ಹಾಗಾಯ್ತಲ್ಲ ಅಕ್ಕ," ಎಂದರು.

ಅವರ ಕೆಲಸದ ರೀತಿಯೇ ಬೇರೆ. ಮೊದಲು ಇದ್ದದ್ದನ್ನು ಇದ್ದ ಹಾಗೆ ಬೇರೊಂದು ಡಿಸ್ಕಿಗೆ ನಕಲು ಮಾಡಬೇಕು. ಓದಲು ಬಾರದ ಜಾಗ ಸಿಕ್ಕಿದರೆ ಅಲ್ಲಿ ಹಟ ಹಿಡಿಯದೆ ದಾಟಿ ಮುಂದೆ ಹೋಗಬೇಕು, ಕೊನೆಗೆ ತಿರುಗಿ ಬರಬೇಕು. ಅಲ್ಲಿಯವರೆಗೆ ಒಂದೇ ಒಂದು ಫೋಟೋ ತೆರೆಯುವ ಹಾಗಿಲ್ಲ. ನೋಡುವ ಆತುರಕ್ಕೇ ಎಷ್ಟೋ ಡಿಸ್ಕುಗಳು ಸತ್ತಿವೆ ಎಂದರು. ಮುಖ್ಯವಾಗಿ ಯಾವುದು ಬೇಕು ಎಂದು ಕೇಳಿದಾಗ, ಅಪ್ಪ ಮಗುವನ್ನು ಎತ್ತಿಕೊಂಡದ್ದು ಒಂದಾದರೂ ಸಿಕ್ಕಿದರೆ ಸಾಕು ಎಂದೆ. 'ಅಪ್ಪ, ಮಗು' ಎಂದು ಚೀಟಿ ಬರೆದು ಡಿಸ್ಕಿಗೆ ಅಂಟಿಸಿದರು.

ಮೂರು ದಿನ ಕಾದೆವು. ಮಗಳು ಶಾಲೆಯಿಂದ ಬಂದ ಕೂಡಲೇ ನನ್ನ ಮುಖ ನೋಡುತ್ತಿದ್ದಳು.

ನಾಲ್ಕನೆಯ ದಿನ ಮಧ್ಯಾಹ್ನ ಹೋದಾಗ ಅವರು ಪರದೆಯನ್ನು ನನ್ನ ಕಡೆ ತಿರುಗಿಸಿದರು. ಮುಕ್ಕಾಲು ಪಾಲು ಬಂದಿತ್ತು. ಕೆಲವು ಫೋಟೋಗಳ ಅರ್ಧ ಬೂದುಬಣ್ಣಕ್ಕೆ ತಿರುಗಿತ್ತು. ನಾನು ಮಗುವಿಗೆ ಉಣಿಸುತ್ತಿರುವುದು, ಮಗು ಬಕೆಟ್ಟಿನಲ್ಲಿ ಕೂತಿರುವುದು, ಮಗುವಿನ ಪಕ್ಕದಲ್ಲಿ ನಾನು ಬಾಯಿ ತೆರೆದು ನಿದ್ದೆ ಹೋಗಿರುವುದು. ತೆಗೆದವರು ಮಾತ್ರ ಎಲ್ಲೂ ಇಲ್ಲ. ರಿಪೇರಿಯವರು ನಿಧಾನವಾಗಿ ಮುಂದೆ ಮುಂದೆ ಸರಿಸುತ್ತ ಹೋದರು. ಕೊನೆಯ ಸಾಲಿನಲ್ಲಿ ಅವರು ಮಗುವನ್ನು ಎತ್ತಿಕೊಂಡ ಹನ್ನೊಂದು ಫೋಟೋ ಸಿಕ್ಕವು.

ಮಗು ಸರಿಯಾಗಿ ನಡುಮಧ್ಯದಲ್ಲಿದೆ. ಅದರ ಸುತ್ತ ಎರಡು ಕೈ, ಚೌಕಳಿ ಅಂಗಿ, ನಾನು ಬೇರೆ ಬಣ್ಣದ ದಾರದಲ್ಲಿ ಹೊಲಿದ ಗುಂಡಿ. ಒಂದರಲ್ಲಿ ಕುತ್ತಿಗೆಯವರೆಗೆ, ಒಂದರಲ್ಲಿ ಗಲ್ಲದ ತುದಿಯವರೆಗೆ. ಅದರ ಮೇಲಕ್ಕೆ ಏನೂ ಇಲ್ಲ. ಹನ್ನೊಂದರಲ್ಲೂ ಹಾಗೇ.

ಉಳಿದ ಭಾಗ ಡಿಸ್ಕಿನಲ್ಲಿ ಹಾಳಾಗಿದೆಯೇ ಎಂದು ಕೇಳಿದೆ. ಅವರು ಕನ್ನಡಕ ಏರಿಸಿ ಮತ್ತೊಮ್ಮೆ ನೋಡಿದರು.

"ಇಲ್ಲ ಅಕ್ಕ. ಇವು ಪೂರ್ತಿ ಬಂದಿವೆ. ತೆಗೆದಿರೋದೇ ಇಷ್ಟು."

ತೆಗೆದವಳು ನಾನು. ನನ್ನ ಗಂಡ ಆರಡಿ ಎತ್ತರ. ಕ್ಯಾಮೆರಾ ಕೈಗೆ ಬಂದರೆ ಮಗು ಎಲ್ಲಿ ಅಂಚಿಗೆ ಜಾರುತ್ತದೋ ಎಂದು ಉಸಿರು ಬಿಗಿಹಿಡಿದು ಅದನ್ನೇ ನೋಡುತ್ತಿದ್ದೆ. ನಿನಗೆ ನನ್ನ ತಲೆ ಕಂಡರೇ ಆಗುವುದಿಲ್ಲ ಅಲ್ಲವಾ ಎಂದು ಅವರು ಪ್ರತಿ ಸಲವೂ ಕಾಡಿಸುತ್ತಿದ್ದರು. ನಿಮ್ಮ ತಲೆ ದಿನಾ ನೋಡೋದು ಇದ್ದೇ ಇದೆ, ಮಗು ನಾಳೆಗೆ ಹೀಗಿರಲ್ಲ ಎನ್ನುತ್ತಿದ್ದೆ.

ಸಂಜೆ ರಿಪೇರಿಯವರು ಕೊಟ್ಟ ಪೆನ್‌ಡ್ರೈವನ್ನು ನನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ತೋರಿಸದೆಯೇ ಇರೋಣ ಎಂದು ದಾರಿಯುದ್ದಕ್ಕೂ ಯೋಚಿಸಿದ್ದೆ. ಆದರೆ ಅವಳ ಕಣ್ಣಿನಿಂದ ಮರೆಮಾಚುವುದು ನನ್ನಿಂದ ಆಗದ ಕೆಲಸ. ಒಂದೊಂದಾಗಿ ನೋಡಿದಳು. ಆರನೆಯದಕ್ಕೆ ಬರುವಾಗ ಅವಳ ತುಟಿ ಬಿಗಿದಿತ್ತು. ಗುಂಡಿಯ ವಿಷಯ ಹೇಳಿದೆ. ಎಡಗೈಯ ಹೆಬ್ಬೆರಳಿನ ಗಾಯದ ಗುರುತು ತೋರಿಸಿದೆ.

"ಅವಳು ನಂಬಲ್ಲ ಅಮ್ಮ. ಯಾರಾದ್ರೂ ಆಗಿರಬಹುದು ಅಂತಾಳೆ."

ನೀನು ನಂಬುತ್ತೀಯಾ ಎಂದು ಕೇಳಿದೆ. ಅವಳು ತಾನೇ ಮುಂದಿನ ಚಿತ್ರ ಒತ್ತಿದಳು, ಇನ್ನೊಂದು, ಇನ್ನೊಂದು. ಒಂಬತ್ತನೆಯದರಲ್ಲಿ ನಿಂತಳು. ಎಂಟು ತಿಂಗಳ ಮಗು ಕತ್ತು ಹಿಂದಕ್ಕೆ ವಾಲಿಸಿ, ಎರಡೇ ಹಲ್ಲು ಬಿಟ್ಟು, ನೇರ ಮೇಲಕ್ಕೆ ನೋಡುತ್ತ ನಗುತ್ತಿದೆ. ಅವಳು ಮಗುವಿನ ಕಣ್ಣಿನ ಮೇಲೆ ಬೆರಳಿಟ್ಟು, ಅದು ನೋಡುತ್ತಿದ್ದ ಕಡೆಗೆ ಎಳೆಯುತ್ತ ಹೋದಳು. ಬೆರಳು ಪರದೆಯ ಅಂಚು ದಾಟಿ ಗಾಳಿಯಲ್ಲಿ ನಿಂತಿತು.

"ಅಪ್ಪನ ಮುಖ ಇಲ್ಲಿತ್ತು. ನಾನು ಅದನ್ನೇ ನೋಡ್ತಿದೀನಿ."

"ಹೌದು."

"ಬೇರೆ ಯಾರನ್ನಾದ್ರೂ ನೋಡಿ ನಾನು ಹಿಂಗೆ ನಗ್ತಿದ್ನಾ?"

"ಇಲ್ಲ ಪುಟ್ಟ. ಹೊಸಬರು ಮುಟ್ಟಿದ್ರೆ ಮನೆ ಸೂರು ಹಾರಿಹೋಗೋ ಹಾಗೆ ಅಳ್ತಿದ್ದೆ."

ಅಷ್ಟು ಸಾಕಾಯಿತು ಅವಳಿಗೆ. ಇದೊಂದನ್ನು ಪ್ರಿಂಟ್ ಹಾಕಿಸಬೇಕು, ದೊಡ್ಡದಾಗಿ, ಎಂದಳು. ಎದ್ದು ಆಟಕ್ಕೆ ಹೊರಟವಳು ಬಾಗಿಲ ಹತ್ತಿರ ತಿರುಗಿ ಕೇಳಿದಳು, ಆಗ ಅಪ್ಪನ ಮುಖ ಹೇಗಿತ್ತು ಎಂದು. ನಗ್ತಿದ್ರು ಎಂದೆ. ಅವಳು ಮೆಟ್ಟಿಲಿಳಿದು ಓಡುವ ಸದ್ದು ಕೇಳಿಸಿತು.

ನಗುತ್ತಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ಆ ಹನ್ನೊಂದು ಸಲವೂ ನಾನು ಮಗುವನ್ನು ಬಿಟ್ಟು ಬೇರೇನೂ ನೋಡಿರಲಿಲ್ಲ. ಆ ಮುಖವನ್ನು ನೋಡಿದವಳು ಈಗ ಕೆಳಗೆ ಆಡುತ್ತಿದ್ದಾಳೆ, ಅವಳಿಗೆ ನೆನಪಿಲ್ಲ. ನಾನು ಫೋಟೋವನ್ನು ದೊಡ್ಡದು ಮಾಡಿದೆ. ಮಗುವಿನ ಕಣ್ಣೊಳಗೆ ಏನಾದರೂ ಕಂಡೀತೇ ಎಂದು ಇನ್ನೂ ದೊಡ್ಡದು ಮಾಡಿದೆ. ಕಪ್ಪು, ಕಂದು, ನಡುವೆ ಒಂದು ಬಿಳಿ ಚೌಕ. ಅದು ಕಿಟಕಿಯೂ ಆಗಿರಬಹುದು. ಬಟ್ಟೆಯ ರಾಶಿ ಮಡಿಲಿಗೆಳೆದುಕೊಂಡು, ಆ ಚೌಕವನ್ನೇ ನೋಡುತ್ತ ಅವಳ ಯೂನಿಫಾರ್ಮ್ ಮಡಚತೊಡಗಿದೆ.