ಡಿಸ್ಕ್ ಮತ್ತೆ ಬಿಸಿಯಾಗಿದೆ

ನಕ್ಷೆಯಲ್ಲಿ ನದಿಯ ಗೆರೆಯನ್ನು ಅರ್ಧ ಎಳೆದಿದ್ದಳು, ಅಷ್ಟರಲ್ಲಿ ಕಂಪ್ಯೂಟರ್ ಮತ್ತೆ ಆರಿಹೋಯಿತು. ಶಾಲೆಯ ಪುಸ್ತಕಗಳಿಗೆ ಮನೆಯಲ್ಲೇ ಕೂತು ನಕ್ಷೆ ಬರೆದುಕೊಡುವುದು ಅವಳ ಕಸುಬು. ಕೆಲವು ದಿನಗಳಿಂದ ಇದೇ ಗೋಳು. ಕೈ ಓಡತೊಡಗಿತು ಅನ್ನುವಾಗ ಡಬ್ಬದೊಳಗಿಂದ ಟಕ್ ಟಕ್ ಎಂಬ ಸದ್ದು, ಹಿಂದೆಯೇ ಪರದೆ ಕಪ್ಪು. ಕೈಯಿಟ್ಟರೆ ಕಾದ ಹೆಂಚು.

ಯಾರನ್ನು ಕೇಳಬೇಕೆಂದು ಅವಳಿಗೆ ಗೊತ್ತಿತ್ತು. ಕೇಳಲು ಮನಸ್ಸಿರಲಿಲ್ಲ, ಅಷ್ಟೆ.

ಅಪ್ಪ ಅಮ್ಮ ಹೋದ ಮೇಲೆ ಅವಳು, ಅವಳ ಅಕ್ಕ ಇಬ್ಬರೇ ಆ ಮಹಡಿ ಮನೆಯಲ್ಲಿ ಬದುಕಿದವರು. ಮದುವೆಯ ಮಾತು ಇಬ್ಬರಿಗೂ ಮರೆತೇಹೋಗಿತ್ತು. ಹೋದ ವರ್ಷ ಇದೇ ಕಂಪ್ಯೂಟರ್ ಕೆಟ್ಟಾಗ ರಿಪೇರಿಗೆಂದು ಒಬ್ಬರು ಬಂದರು. ಹೆಂಡತಿಯನ್ನು ಕಳೆದುಕೊಂಡವರು, ಮಾತು ಕಮ್ಮಿ. ಅಕ್ಕ ಚಹಾ ಕೊಟ್ಟಳು. ಆಮೇಲೆ ಅವರು ಮೌಸ್ ನೋಡಲು ಬಂದರು, ವೈರು ನೋಡಲು ಬಂದರು. ನೆರೆತ ತಲೆಯ ಅಕ್ಕ ಹುಡುಗಿಯ ಹಾಗೆ ನಾಚಿಕೊಂಡು ಅವರನ್ನೇ ಮದುವೆಯಾಗಿ ಊರಿನ ಆ ತುದಿಗೆ ಹೋದಳು.

"ಕಂಪ್ಯೂಟರ್ ರಿಪೇರಿಗೆ ಬಂದು ಮನೇನೇ ಖಾಲಿ ಮಾಡ್ಕೊಂಡು ಹೋದ್ರಲ್ಲ!" ಎಂದು ಎದುರುಮನೆಯಾಕೆ ತಮಾಷೆ ಮಾಡಿದಾಗ ತಂಗಿಯೂ ನಕ್ಕಿದ್ದಳು. ಆದರೆ ಆ ಮಾತು ಮುಳ್ಳಿನ ಹಾಗೆ ಒಳಗೇ ಮುರಿದುಕೊಂಡಿತ್ತು. "ಇಲ್ಲೇ ಬಂದು ಇದ್ದುಬಿಡೇ" ಎಂದು ಅಕ್ಕ ಕರೆದಾಗಲೆಲ್ಲ ಕೆಲಸದ ನೆಪ ಹೇಳುತ್ತಿದ್ದಳು.

ಪುಸ್ತಕದವರು ನಕ್ಷೆಗೆ ಅವಸರ ಮಾಡಿದಾಗ ಬೇರೆ ದಾರಿ ಕಾಣದೆ ಫೋನೆತ್ತಿದಳು.

"ಹಾರ್ಡ್ ಡಿಸ್ಕ್ ಕಾಯ್ತಿರಬೇಕು," ಎಂದರು ಭಾವ. "ತಣ್ಣಗಾಗೋಕೆ ಬಿಡಿ. ಆಮೇಲೆ ಆನ್ ಮಾಡಿ, ಮೊದಲು ಬರೆದದ್ದನ್ನೆಲ್ಲ ಪೆನ್ ಡ್ರೈವಿಗೆ ಹಾಕ್ಕೊಳ್ಳಿ. ಡಿಸ್ಕ್ ಹೋದರೆ ಇನ್ನೊಂದು ತರಬಹುದು, ನಿಮ್ಮ ಕೆಲಸ ಎಲ್ಲಿಂದ ತರೋದು? ನಾನು ಬರಲಾ?"

"ಬೇಡ ಭಾವ, ಹೇಳಿ, ನಾನೇ ಮಾಡ್ತೀನಿ."

ಹೇಳಿದಂತೆಯೇ ಮಾಡಿದಳು. ನಕ್ಷೆಗಳನ್ನು ಉಳಿಸಿಕೊಂಡು, ಆಫ್ ಮಾಡಿ, ಪ್ಲಗ್ ಕಿತ್ತು, ಪಕ್ಕದ ಮುಚ್ಚಳ ಬಿಚ್ಚಿದಳು. ಮುಂದಿನ ಫ್ಯಾನಿಗೆ ಧೂಳು ಕಂಬಳಿಯ ಹಾಗೆ ಹೊದ್ದುಕೊಂಡಿತ್ತು. ಅದರೊಳಗೆ ನೀಲಿ, ಹಳದಿ ಉಣ್ಣೆಯ ಎಳೆಗಳು. ಪಕ್ಕದ ಖುರ್ಚಿಯಲ್ಲಿ ಕೂತು ಅಕ್ಕ ಹೆಣೆಯುತ್ತಿದ್ದ ಸ್ವೆಟರುಗಳದು. ಒಣ ಬ್ರಷ್ಷಿನಿಂದ ಅದನ್ನೆಲ್ಲ ಬಿಡಿಸಿ ತೆಗೆದಳು. ಗಾಳಿಯಾಡದ ಮೂಲೆಯಿಂದ ಡಬ್ಬವನ್ನು ಈಚೆಗೆ ಎಳೆದಿಟ್ಟಳು. ಆನ್ ಮಾಡಿದರೆ ಫ್ಯಾನು ಗಿರ್ರನೆ ತಿರುಗಿತು. ಪರದೆಯಲ್ಲಿ ಭಾವ ಹೇಳಿದ್ದ ಕಡೆ ನೋಡಿದರೆ ಡಿಸ್ಕಿನ ಬಿಸಿ ಅರವತ್ತು ಡಿಗ್ರಿಯಿಂದ ಮೂವತ್ತೆಂಟಕ್ಕೆ ಇಳಿದಿತ್ತು.

"ಶಭಾಷ್!" ಎಂದರು ಭಾವ ಫೋನಿನಲ್ಲಿ. "ಇನ್ನು ನನ್ನ ಅಗತ್ಯವೇ ಇಲ್ಲ ಬಿಡಿ."

ಆ ಮಾತು ಅವಳಿಗೆ ಹಿಡಿಸಲಿಲ್ಲ. ಸಹಾಯ ಬೇಡ ಅಂದವಳು ತಾನೇ. ಈಗ ಯಾಕೆ ಹೀಗೆ?

ನಕ್ಷೆಗಳು ಮುಗಿದು ಪುಸ್ತಕದವರಿಗೆ ಹೋದವು. ಅಕ್ಕ ಆಗಾಗ ಫೋನ್ ಮಾಡುತ್ತಿದ್ದಳು. ಊಟ ಆಯ್ತಾ, ಆಯ್ತು, ಅಲ್ಲಿಗೆ ಮಾತು ಮುಗಿಯುತ್ತಿತ್ತು. ಒಂದು ಭಾನುವಾರ ಬೆಳಿಗ್ಗೆ ಎದ್ದಾಗ, ನಿನ್ನೆಯಿಂದ ತನ್ನ ದನಿಯನ್ನೇ ತಾನು ಕೇಳಿಲ್ಲ ಎನ್ನುವುದು ಹೊಳೆಯಿತು. ಯೋಚಿಸುವ ಮೊದಲೇ ಕೈ ಫೋನಿಗೆ ಹೋಗಿತ್ತು.

"ಭಾವ, ಡಿಸ್ಕ್ ಮತ್ತೆ ಬಿಸಿಯಾಗಿದೆ."

ಗಂಟೆಯೊಳಗೆ ಇಬ್ಬರೂ ಬಂದರು. ಭಾವ ಮಂಡಿಯೂರಿ ಕೂತು ಮುಚ್ಚಳ ಬಿಚ್ಚಿದರು. ಒಳಗೆ ಧೂಳಿನ ಸುಳಿವಿಲ್ಲ. ಡಿಸ್ಕಿನ ಮೇಲೆ ಅಂಗೈಯಿಟ್ಟರು. ಬೆಳಿಗ್ಗೆಯಿಂದ ಅದನ್ನು ಆನ್ ಮಾಡಿಯೇ ಇರಲಿಲ್ಲ. ಕಲ್ಲಿನ ಹಾಗೆ ತಣ್ಣಗಿತ್ತು. ತಲೆಯೆತ್ತಿ ಅವಳ ಮುಖ ನೋಡಿದರು. ಅವಳು ಕಿಟಕಿಯತ್ತ ತಿರುಗಿಕೊಂಡಳು. ಕಿವಿ ಬಿಸಿಯಾಗಿತ್ತು.

"ಏನಾಗಿದೆ ರೀ?" ಅಡುಗೆಮನೆಯಿಂದ ಅಕ್ಕ ಕೂಗಿದಳು.

ಭಾವ ಬಿಚ್ಚಿದ ಮುಚ್ಚಳವನ್ನು ಗೋಡೆಗೆ ಒರಗಿಸಿಟ್ಟರು.

"ಕಾದಿದೆ ಕಣೇ," ಎಂದರು. "ಬೇಗ ಆಗೋ ಕೆಲಸ ಅಲ್ಲ. ಸಂಜೆ ತನಕ ಇರಬೇಕಾಗುತ್ತೆ."

"ಹಾಗಾದ್ರೆ ಇಲ್ಲೇ ಅನ್ನಕ್ಕಿಡ್ತೀನಿ!"

ಭಾವ ಸಂಜೆಯವರೆಗೂ ಒಂದೇ ಸ್ಕ್ರೂ ಬಿಚ್ಚಿ ಹಾಕಿ ಮಾಡಿದರು. ಅಕ್ಕ ತಂಗಿ ಊಟ ಮಾಡಿ, ಹಳೆಯ ಮಾತು ತೆಗೆದು, ಹೊಟ್ಟೆ ಹಿಡಿದುಕೊಂಡು ನಕ್ಕರು. ಹೊರಡುವಾಗ ಅಕ್ಕ ಮೊದಲು ಕೆಳಗಿಳಿದಳು. ಭಾವ ಮೆಟ್ಟಿಲ ಮೇಲೆ ನಿಂತು, ಚಪ್ಪಲಿ ನೋಡುತ್ತಲೇ ಮೆಲ್ಲಗೆ ಹೇಳಿದರು: "ಇಂಥ ಡಿಸ್ಕನ್ನ ವಾರಕ್ಕೊಮ್ಮೆ ನೋಡ್ತಿರಬೇಕು. ಬರ್ತೀವಿ. ಫೋನ್ ಮಾಡೋದೇನೂ ಬೇಡ."

ಅವಳು ತಲೆಯಾಡಿಸಿದಳು.

ಹೆಜ್ಜೆ ಸದ್ದು ಬೀದಿಗೆ ಇಳಿದು ಮರೆಯಾಯಿತು. ಬಾಗಿಲು ಹಾಕಿ ಬಂದಳು. ಮನೆ ಮತ್ತೆ ಬಿಕೋ ಎಂದಿತು. ಲೋಟಗಳನ್ನು ತೊಳೆದು ಬೋರಲು ಹಾಕಿ, ದೀಪ ಹಚ್ಚಿ, ಹೊಸ ನಕ್ಷೆಯ ಮುಂದೆ ಕೂತಳು. ಕಡಲತೀರದ ಗೆರೆ ಎಳೆಯುತ್ತಾ ಎಳೆಯುತ್ತಾ, ಎಂದೂ ಇಲ್ಲದ್ದು, ತನ್ನ ದನಿ ತನಗೆ ಕೇಳುವಂತೆ ದಡದ ಒಂದೊಂದೇ ಊರಿನ ಹೆಸರು ಹೇಳಿಕೊಳ್ಳತೊಡಗಿದಳು.